ಅಮ್ಮ ಹಡಗು ಕಟ್ಟಲು ಹೋದಾಗ...

ತಲೆಗೆ ಕೆಂಪು ವಸ್ತ್ರ ಕಟ್ಟಿ, ತೋಳು ಮಡಿಸಿ ರಟ್ಟೆ ತೋರಿಸುವ ಹೆಂಗಸಿನ ಆ ಅಮೆರಿಕನ್ ಪೋಸ್ಟರನ್ನು ನೀವೂ ನೋಡಿರುತ್ತೀರಿ. ಎರಡನೇ ಮಹಾಯುದ್ಧದ ಕಾಲದ್ದು. ಅದನ್ನು ನೋಡಿದಾಗಲೆಲ್ಲ ನನಗೆ ಒಂದೇ ಪ್ರಶ್ನೆ... ಇಂಥವಳು ಕೆಲಸಕ್ಕೆ ಬರುವಾಗ ಮಗುವನ್ನು ಯಾರ ಹತ್ತಿರ ಬಿಟ್ಟು ಬರುತ್ತಿದ್ದಳು?

ಬಹಳ ಜನರಿಗೆ ಇದಕ್ಕೆ ಉತ್ತರವೇ ಇರಲಿಲ್ಲ. ಗಂಡ ಯುದ್ಧಕ್ಕೆ ಹೋಗಿದ್ದಾನೆ, ಅಜ್ಜಿ ಇರುವುದು ಇನ್ನೆಲ್ಲೋ ದೂರದ ಊರಿನಲ್ಲಿ. ಕಾರ್ಖಾನೆಯ ಹೊರಗೆ ನಿಲ್ಲಿಸಿದ ಕಾರಿನಲ್ಲೇ ಮಕ್ಕಳನ್ನು ಕೂಡಿಹಾಕಿ ಪಾಳಿ ಮುಗಿಸಿದವರೂ ಇದ್ದರಂತೆ! 1942ರಿಂದ ಸರ್ಕಾರ ಲ್ಯಾನ್ಹಮ್ ಕಾಯ್ದೆಯ ಹಣದಲ್ಲಿ ಶಿಶುವಿಹಾರಗಳನ್ನು ನಡೆಸಿತು. ಅತಿ ಹೆಚ್ಚು ಮಕ್ಕಳಿದ್ದದ್ದು 1944ರ ಜುಲೈನಲ್ಲಿ, ಸುಮಾರು 1,30,000. ಲಕ್ಷಾಂತರ ಹೆಂಗಸರು ದುಡಿಯುತ್ತಿದ್ದ ದೇಶಕ್ಕೆ ಇದು ಯಾವ ಮೂಲೆಗೆ?

ನಾನು ಹೇಳಹೊರಟಿದ್ದು ಬೇರೆ ಎರಡು ಶಿಶುವಿಹಾರಗಳ ಕಥೆ. ಆರೆಗನ್ ರಾಜ್ಯದ ಪೋರ್ಟ್‌ಲ್ಯಾಂಡ್‌ನಲ್ಲಿ ಹೆನ್ರಿ ಕೈಸರನ ಹಡಗು ಕಟ್ಟುವ ಕಾರ್ಖಾನೆಗಳಿದ್ದವು. ಸಾವಿರಾರು ಹೆಂಗಸರು ಅಲ್ಲಿ ವೆಲ್ಡಿಂಗ್ ಮಾಡುತ್ತಿದ್ದರು. ಮಗುವಿಗೆ ಜ್ವರ ಬಂದರೆ ತಾಯಿ ರಜೆ, ತಾಯಿ ರಜೆಯಾದರೆ ಹಡಗು ತಡ. ಅಧ್ಯಕ್ಷರ ಪತ್ನಿ ಎಲಿನಾರ್ ರೂಸ್‌ವೆಲ್ಟ್ ಕೂಡ ಒತ್ತಾಯ ಮಾಡಿದರು. 1943ರ ನವೆಂಬರಿನಲ್ಲಿ ಕಾರ್ಖಾನೆಯ ಬಾಗಿಲಲ್ಲೇ ಎರಡು ಕೇಂದ್ರಗಳು ತೆರೆದವು.

ಬಾಗಿಲಲ್ಲೇ ಅನ್ನುವುದು ಸಣ್ಣ ವಿಷಯವಲ್ಲ. ಪಾಳಿಗೆ ಹೋಗುವ ದಾರಿಯಲ್ಲೇ ಮಗುವನ್ನು ಬಿಡಬಹುದು, ಬರುವಾಗ ಕರೆದುಕೊಳ್ಳಬಹುದು. ಹಗಲು ರಾತ್ರಿ ತೆರೆದಿರುತ್ತಿತ್ತು. ರಾತ್ರಿ ಪಾಳಿಯವರ ಮಕ್ಕಳು ಅಲ್ಲೇ ಮಲಗುತ್ತಿದ್ದವು. ಗಾಲಿಯ ಆಕಾರದ ಕಟ್ಟಡ, ನಡುವೆ ಅಂಗಳ, ಸುತ್ತ 15 ಆಟದ ಕೋಣೆಗಳು. ಕಿಟಕಿಯಿಂದ ಅಮ್ಮ ಕೆಲಸ ಮಾಡುವ ಜಾಗ ಕಾಣುತ್ತಿತ್ತು. ಕೆಮ್ಮು, ನೆಗಡಿ ಬಂದ ಮಕ್ಕಳಿಗೆ ಪ್ರತ್ಯೇಕ ಕೋಣೆ, ನೋಡಿಕೊಳ್ಳಲು ದಾದಿಯರು. ಒಂದೂವರೆ ವರ್ಷದಿಂದ ಆರು ವರ್ಷದವರೆಗಿನ ಮಕ್ಕಳನ್ನು ಸೇರಿಸಿಕೊಳ್ಳುತ್ತಿದ್ದರು. ಆರು ದಿನಕ್ಕೆ 5 ಡಾಲರ್, ಅದೇ ಮನೆಯ ಎರಡನೇ ಮಗುವಿಗೆ 3.75 ಡಾಲರ್.

ಲೋಯಿಸ್ ಮೀಕ್ ಸ್ಟೋಲ್ಜ್ ಮತ್ತು ಜೇಮ್ಸ್ ಹೈಮ್ಸ್ ಇದನ್ನು ರೂಪಿಸಿ ನಡೆಸಿದವರು. ಇವರು ಆಯಾಗಳನ್ನಲ್ಲ, ತರಬೇತಾದ ಶಿಕ್ಷಕಿಯರನ್ನೇ ದೇಶದ ಮೂಲೆಮೂಲೆಯಿಂದ ಕರೆಸಿ, ಕಾರ್ಖಾನೆಯ ಸಂಬಳಕ್ಕೆ ಸರಿಸಮನಾಗಿ ಕೊಟ್ಟರು.

ನನಗೆ ಅತ್ಯಂತ ಇಷ್ಟವಾದದ್ದು ಊಟದ ಏರ್ಪಾಟು. ಮಿರಿಯಂ ಲೋವೆನ್‌ಬರ್ಗ್ ಎಂಬ ಪೋಷಣಾ ತಜ್ಞೆ ಅಡುಗೆಮನೆ ನೋಡಿಕೊಳ್ಳುತ್ತಿದ್ದರು. ಮಕ್ಕಳಿಗೆ ಮಾತ್ರವಲ್ಲ, ಪಾಳಿ ಮುಗಿಸಿದ ತಾಯಿ ರಾತ್ರಿಯ ಅಡುಗೆಯನ್ನೂ ಕಟ್ಟಿಸಿಕೊಂಡು ಹೋಗಬಹುದಿತ್ತು, ಮನೆಯಲ್ಲಿ ಬಿಸಿ ಮಾಡಿದರಾಯಿತು. ಎಂಟು ಗಂಟೆ ಉಕ್ಕು ಬೆಸೆದು ಬಂದವಳು ಮತ್ತೆ ಒಲೆ ಮುಂದೆ ನಿಲ್ಲಬೇಕು ಅನ್ನುವುದು ಅವರಿಗಾದರೂ ಹೊಳೆಯಿತಲ್ಲ! ಮಗುವಿನ ಕಿತ್ತುಹೋದ ಗುಂಡಿ ಹೊಲಿದುಕೊಡುವ ವ್ಯವಸ್ಥೆ ಕೂಡ ಇತ್ತು.

ದುಡ್ಡು ಎಲ್ಲಿಂದ ಅಂತೀರಾ? ಹಡಗಿನ ಲೆಕ್ಕದಲ್ಲೇ. ಸರ್ಕಾರದ ಮ್ಯಾರಿಟೈಮ್ ಕಮಿಷನ್ ಹಡಗಿಗೆ ಕೊಡುತ್ತಿದ್ದ ಖರ್ಚಿನಲ್ಲಿ ಇದೂ ಸೇರಿತ್ತು. ಆ ಏರ್ಪಾಟಿನ ಬಲವೂ ಅದೇ, ಆಯಸ್ಸೂ ಅದೇ. ಒಟ್ಟು ಮೂರೂವರೆ ಸಾವಿರಕ್ಕೂ ಹೆಚ್ಚು ಮಕ್ಕಳು ಅಲ್ಲಿ ಆಡಿ ಬೆಳೆದರು. ಯುದ್ಧ ಮುಗಿಯಿತು, ಹಡಗು ಬೇಡವಾಯಿತು, 1945ರ ಸೆಪ್ಟೆಂಬರಿನಲ್ಲಿ ಬಾಗಿಲು ಮುಚ್ಚಿತು. ಎರಡು ವರ್ಷ ಕೂಡ ತುಂಬಿರಲಿಲ್ಲ.

ಹೆಂಗಸರಿಗೆ ಕೆಲಸ ಬೇಡವಾಗಿತ್ತೇ? ಅಮೆರಿಕದ ಕಾರ್ಮಿಕ ಇಲಾಖೆಯ ಮಹಿಳಾ ವಿಭಾಗ ಯುದ್ಧದ ಕೊನೆಯ ದಿನಗಳಲ್ಲಿ ಹತ್ತು ಕೈಗಾರಿಕಾ ಪ್ರದೇಶಗಳಲ್ಲಿ ವಿಚಾರಿಸಿದಾಗ, ಸುಮಾರು ನಾಲ್ವರಲ್ಲಿ ಮೂವರು ದುಡಿಮೆ ಮುಂದುವರಿಸುತ್ತೇವೆ ಅಂದಿದ್ದರು. ಲ್ಯಾನ್ಹಮ್ ಹಣವೂ 1946ರ ಫೆಬ್ರವರಿ ಕೊನೆಗೆ ನಿಂತಿತು. ಕ್ಯಾಲಿಫೋರ್ನಿಯಾದ ತಾಯಂದಿರು ಮಾತ್ರ ಸುಮ್ಮನೆ ಕೂರಲಿಲ್ಲ. ವರ್ಷವರ್ಷವೂ ಶಾಸಕರ ಬೆನ್ನು ಹತ್ತಿ ರಾಜ್ಯದ ಹಣ ಬರುವಂತೆ ನೋಡಿಕೊಂಡರು. 1957ರಲ್ಲಿ ಅಲ್ಲಿನ ಕೇಂದ್ರಗಳು ಕಾಯಂ ಆದವು.