ಮಿಥುನ ರಾಶಿಯ ಅವಳಿ ಸೋದರರು

ಚಳಿಗಾಲದ ನಿರ್ಮಲ ರಾತ್ರಿಯಲ್ಲಿ ತಲೆಯೆತ್ತಿ ನೋಡಿದರೆ ಮಿಥುನ ರಾಶಿಯ ಎರಡು ತಾರೆಗಳು ಅಕ್ಕಪಕ್ಕದಲ್ಲಿ ಬೆಳಗುತ್ತಿರುತ್ತವೆ. ನಮ್ಮ ಹಿರಿಯರು ಇವನ್ನು ಪುನರ್ವಸು ಎಂದು ಕರೆದರು. ಶ್ರೀರಾಮನ ಜನ್ಮನಕ್ಷತ್ರವೆಂದು ಇದು ಎಲ್ಲರಿಗೂ ಪರಿಚಿತ. ಗ್ರೀಕರಾದರೋ ಇಲ್ಲಿ ಕ್ಯಾಸ್ಟರ್ ಮತ್ತು ಪಾಲಕ್ಸ್ ಎಂಬ ಅವಳಿ ಸೋದರರನ್ನು ಕಂಡರು.

ಸ್ಪಾರ್ಟಾದ ರಾಣಿ ಲೀಡಾ ಇವರ ತಾಯಿ. ಕ್ಯಾಸ್ಟರನು ಅರಸ ಟಿಂಡರಿಯಸನ ಮಗನಾದ ಮರ್ತ್ಯನೆಂದೂ ಪಾಲಕ್ಸನು ಸ್ಯೂಸ್ ದೇವನಿಂದ ಜನಿಸಿದ ಅಮರನೆಂದೂ ಕಥೆ. ಒಂದು ಕಾಳಗದಲ್ಲಿ ಕ್ಯಾಸ್ಟರನು ಮಡಿದನು. ಆಗ ಸ್ಯೂಸನು, ಒಬ್ಬನೇ ದೇವಲೋಕದಲ್ಲಿ ಚಿರಕಾಲ ಬಾಳುವೆಯೋ, ಇಲ್ಲವೇ ನಿನ್ನ ಭಾಗ್ಯವನ್ನು ಸೋದರನೊಡನೆ ಹಂಚಿಕೊಳ್ಳುವೆಯೋ ಎಂದು ಕೇಳಿದನು. ಪಾಲಕ್ಸನು ಹಿಂದುಮುಂದು ನೋಡದೆ ಹಂಚಿಕೊಳ್ಳಲು ಒಪ್ಪಿದನು. ಅಂದಿನಿಂದ ಇಬ್ಬರೂ ಒಂದು ದಿನ ಭೂಮಿಯ ಕೆಳಗೆ, ಮರುದಿನ ದೇವಲೋಕದಲ್ಲಿ ಇರುತ್ತಾರೆಂದು ಕ್ರಿ.ಪೂ. 5ನೆಯ ಶತಮಾನದ ಕವಿ ಪಿಂಡಾರ್ ಹಾಡಿದ್ದಾನೆ. ಬಿರುಗಾಳಿಗೆ ಸಿಲುಕಿದ ನಾವಿಕರು ಈ ಸೋದರರ ಮೊರೆಹೊಗುತ್ತಿದ್ದರು. ರೋಮ್ ನಗರದಲ್ಲಿ ಕ್ರಿ.ಪೂ. 484ರಲ್ಲಿ ಇವರಿಗೊಂದು ದೇಗುಲವೆದ್ದಿತು. ಮುಂದೆ ಮರುನಿರ್ಮಾಣಗೊಂಡ ಆ ದೇಗುಲದ ಮೂರು ಕಂಬಗಳು ಇಂದಿಗೂ ನಿಂತಿವೆ.

ಅವಳಿಗಳ ಕಲ್ಪನೆ ಗ್ರೀಕರಿಗಿಂತ ಮೊದಲೇ ಬ್ಯಾಬಿಲೋನಿಯಾದಲ್ಲಿತ್ತು. ಅಲ್ಲಿಂದ ಗ್ರೀಸಿಗೆ, ಗ್ರೀಸಿನಿಂದ ಭಾರತಕ್ಕೆ ರಾಶಿಚಕ್ರವು ಪಯಣಿಸಿತು. ಕ್ರಿ.ಶ. 6ನೆಯ ಶತಮಾನದ ವರಾಹಮಿಹಿರನು ಬೃಹಜ್ಜಾತಕದಲ್ಲಿ ಮಿಥುನಕ್ಕೆ ಹೇಳುವ ‘ಜಿತುಮ’ ಎಂಬ ಹೆಸರು, ಅವಳಿಗಳೆಂಬ ಅರ್ಥದ ಗ್ರೀಕ್ ಪದ ‘ದಿದುಮೊಯ್’ನ ರೂಪಾಂತರ. ಆದರೆ ನಮ್ಮಲ್ಲಿ ಆ ಸೋದರರು ಗದೆ ಹಿಡಿದ ಪುರುಷನೂ ವೀಣೆ ಹಿಡಿದ ಸ್ತ್ರೀಯೂ ಆದರು. ಪರನಾಡಿಗೆ ಬಂದವರು ಹೆಸರನ್ನು ಉಳಿಸಿಕೊಂಡು ವೇಷ ಬದಲಿಸುವುದು ನಮಗೇನು ಹೊಸದೇ!

ಈ ಸೋದರರ ಒಡಹುಟ್ಟಿದವಳೇ ಟ್ರಾಯ್ ಯುದ್ಧಕ್ಕೆ ಕಾರಣಳೆನಿಸಿದ ಹೆಲೆನ್. ಹೋಮರನ ಇಲಿಯಡ್ ಕಾವ್ಯದ 3ನೆಯ ಭಾಗದಲ್ಲಿ ಆಕೆ ಪರನಾಡಿನ ಕೋಟೆಯ ಮೇಲೆ ನಿಂತು, ಗ್ರೀಕ್ ಸೇನೆಯಲ್ಲಿ ತನ್ನಿಬ್ಬರು ಸೋದರರನ್ನು ಅರಸುತ್ತಾಳೆ. ತನ್ನಿಂದಾದ ಅಪಕೀರ್ತಿಗೆ ನಾಚಿ ಅವರು ಬಾರದಿರಬಹುದೇ ಎಂದು ಕೊರಗುತ್ತಾಳೆ. ಅವರಾಗಲೇ ತಾಯ್ನೆಲದ ಮಣ್ಣಿನಲ್ಲಿ ಮಲಗಿರುವುದು ಆಕೆಗೆ ತಿಳಿಯದು.

ಕಾಲೇಜಿನಲ್ಲಿ ಈ ಪ್ರಸಂಗವನ್ನು ಓದಿದಾಗ ನನಗೆ ಪರೀಕ್ಷೆಗೆ ಬೇಕಾದಷ್ಟೇ ಅರ್ಥವಾಗಿತ್ತು. ಊರಿನಲ್ಲಿ ನನ್ನಣ್ಣ ತೀರಿಕೊಂಡ ಹೊತ್ತಿನಲ್ಲಿ ನಾನು ಅಮೆರಿಕದ ಅಂಗಡಿಯೊಂದರಲ್ಲಿ ಅವನಿಗಾಗಿ ಸ್ವೆಟರ್ ಆರಿಸುತ್ತಿದ್ದೆ. ಮನೆಗೆ ಬಂದು ಫೋನ್ ಎತ್ತಿಕೊಂಡಾಗ ಉಳಿದದ್ದೂ ಅರ್ಥವಾಯಿತು.

ಪುನರ್ವಸು ಎಂದರೆ ಒಳಿತು ಮರಳಿ ಬರುವುದು. ಚಳಿಗಾಲ ಬಂತೆಂದರೆ ನಾನು ಹಿತ್ತಿಲಿಗೆ ಹೋಗಿ ಆ ಜೋಡಿ ತಾರೆಗಳನ್ನು ನೋಡುತ್ತೇನೆ. ಕೆಲವು ಗಂಟೆಗಳ ಹಿಂದೆ ನಮ್ಮೂರಿನ ಮನೆಯ ಮೇಲಿದ್ದುವೂ ಅವೇ ತಾರೆಗಳಲ್ಲವೇ?