ಅಗ್‌ಮಾರ್ಕ್ ಮುದ್ರೆ ನಿಜವಾಗಿ ಏನನ್ನು ಹೇಳುತ್ತದೆ?

ತುಪ್ಪದ ಡಬ್ಬಿ, ಜೇನುತುಪ್ಪದ ಬಾಟಲಿ, ಅರಿಸಿನದ ಪೊಟ್ಟಣ, ಗೋಧಿ ಹಿಟ್ಟಿನ ಚೀಲ. ಇವುಗಳ ಮೇಲೆ ಅಗ್‌ಮಾರ್ಕ್ ಎಂಬ ಮುದ್ರೆಯನ್ನು ನಾವೆಲ್ಲ ನೋಡಿದ್ದೇವೆ. ಅದು ಇದ್ದರೆ ಸರ್ಕಾರವೇ ಆ ಡಬ್ಬಿಯನ್ನು ಪರೀಕ್ಷೆ ಮಾಡಿದೆ ಎಂದು ಕೆಲವರು ನಂಬುತ್ತಾರೆ. ದುಡ್ಡು ಕೊಟ್ಟರೆ ಸಿಗುವ ಚೀಟಿ ಅದು ಎಂದು ಇನ್ನು ಕೆಲವರು ತಳ್ಳಿಹಾಕುತ್ತಾರೆ. ಎರಡೂ ಸರಿಯಲ್ಲ. ಈ ಮುದ್ರೆ ಒಂದು ನಿರ್ದಿಷ್ಟ ಮಾತನ್ನು ಹೇಳುತ್ತದೆ. ಅದೇನು ಎಂದು ತಿಳಿದರೆ ಎಷ್ಟರ ಮಟ್ಟಿಗೆ ನಂಬಬೇಕು ಎಂಬುದೂ ತಿಳಿಯುತ್ತದೆ.

ಇದು ಶುರುವಾದದ್ದು ಹೇಗೆ?

ರೈತ ತಂದ ಮಾಲನ್ನು ವ್ಯಾಪಾರಿ ಕೈಯಲ್ಲಿ ಹಿಡಿದು, ಮೂಸಿ, ಬಾಯಿಗೆ ಹಾಕಿಕೊಂಡು ಬೆಲೆ ಹೇಳುವುದು ಹಳೆಯ ಪದ್ಧತಿ. ಹೀಗೆ ಮಾಡುವಾಗ ಮಾಲು ಎದುರಿಗೇ ಇರಬೇಕು. ನೂರಾರು ಮೈಲಿ ದೂರದ ಕೊಳ್ಳುವವನಿಗೆ ಇದು ಸಾಧ್ಯವಿಲ್ಲ. ಇತ್ತ ರೈತನಿಗೆ, ತನ್ನ ಮಾಲು ಒಳ್ಳೆಯದು ಎಂದು ಸಾಧಿಸಲು ಯಾವ ಅಳತೆಗೋಲೂ ಇರಲಿಲ್ಲ.

ಈ ಕೊರತೆಯನ್ನು ತುಂಬಲು 1935ರಲ್ಲಿ ಮಾರುಕಟ್ಟೆ ಮತ್ತು ತಪಾಸಣೆ ನಿರ್ದೇಶನಾಲಯ ಸ್ಥಾಪನೆಯಾಯಿತು. ಆಗ ಸರ್ಕಾರದ ಕೃಷಿ ಮಾರುಕಟ್ಟೆ ಸಲಹೆಗಾರರಾಗಿದ್ದವರು ಆರ್ಚಿಬಾಲ್ಡ್ ಲಿವಿಂಗ್‌ಸ್ಟನ್. 1937ರಲ್ಲಿ ಕೃಷಿ ಉತ್ಪನ್ನ (ದರ್ಜೆ ಮತ್ತು ಗುರುತು) ಕಾಯ್ದೆ ಬಂತು. ಹಣ್ಣು, ಮೊಟ್ಟೆ, ಹಾಲಿನ ಉತ್ಪನ್ನ, ಕಾಫಿ, ಅಕ್ಕಿಯ ಜೊತೆಗೆ ಚರ್ಮದಂಥ ಸರಕೂ ಅದರ ವ್ಯಾಪ್ತಿಗೆ ಬಂದಿತ್ತು. ಈಗ 220ಕ್ಕೂ ಹೆಚ್ಚು ಸರಕುಗಳಿಗೆ ದರ್ಜೆ ನಿಗದಿಯಾಗಿದೆ.

ಮುದ್ರೆ ಸಿಗುವುದು ಹೇಗೆ?

ಪ್ಯಾಕ್ ಮಾಡುವವರು ಮೊದಲು ನಿರ್ದೇಶನಾಲಯದಿಂದ ಅಧಿಕಾರ ಪತ್ರ ಪಡೆಯಬೇಕು. ಅದರ ಸಂಖ್ಯೆಯೇ ಲೇಬಲ್ ಮೇಲೆ ಕಾಣುವ ಸಿಎ ನಂಬರ್. ಸ್ವಂತ ಪ್ರಯೋಗಾಲಯ ಇರಬೇಕು, ಇಲ್ಲವೇ ಮಾನ್ಯತೆ ಪಡೆದ ಬೇರೆ ಪ್ರಯೋಗಾಲಯದ ಜೊತೆ ಒಪ್ಪಂದ ಇರಬೇಕು. ಅಲ್ಲಿ ಒಪ್ಪಿಗೆ ಪಡೆದ ರಸಾಯನ ತಜ್ಞರು ಒಂದೊಂದು ಲಾಟ್‌ನಿಂದ ಮಾದರಿ ತೆಗೆದು ಪರೀಕ್ಷಿಸಿ ದರ್ಜೆ ಕೊಡುತ್ತಾರೆ. ಸರ್ಕಾರಿ ಅಧಿಕಾರಿಗಳು ಆಗಾಗ ಪ್ಯಾಕಿಂಗ್ ಜಾಗದಿಂದಲೂ ಅಂಗಡಿಗಳಿಂದಲೂ ಮಾದರಿ ಎತ್ತಿ ತಮ್ಮ ಪ್ರಯೋಗಾಲಯಗಳಲ್ಲಿ ಮರುಪರೀಕ್ಷೆ ಮಾಡಿಸುತ್ತಾರೆ. ಈ ವ್ಯವಸ್ಥೆಯ ಕೇಂದ್ರ ಪ್ರಯೋಗಾಲಯ ನಾಗಪುರದಲ್ಲಿದೆ.

ಅಂದರೆ ನಿಮ್ಮ ಕೈಯಲ್ಲಿರುವ ಡಬ್ಬಿಯನ್ನೇ ಯಾರೂ ತೆರೆದು ನೋಡಿಲ್ಲ. ಅದು ಬಂದ ಲಾಟ್‌ನ ಮಾದರಿಯನ್ನು ನೋಡಿದ್ದಾರೆ. ಅನ್ನ ಬೆಂದಿದೆಯೇ ಎಂದು ಒಂದು ಅಗುಳು ಹಿಸುಕಿ ನೋಡುವ ತರ್ಕವೇ ಇಲ್ಲೂ ಇದೆ. ಆದರೆ ಪಾತ್ರೆಯನ್ನು ಚೆನ್ನಾಗಿ ಕೈಯಾಡಿಸಿದ್ದರೆ ಮಾತ್ರ ಒಂದು ಅಗುಳು ಇಡೀ ಪಾತ್ರೆಯ ಕಥೆ ಹೇಳುತ್ತದೆ. ಹಾಗಾಗಿ ಚೀಲದ ಬಾಯಿಂದಷ್ಟೇ ಅಲ್ಲ, ನಡುವಿನಿಂದಲೂ ತಳದಿಂದಲೂ ಮಾದರಿ ತೆಗೆಯಬೇಕು. ಮಾದರಿ ತೆಗೆಯುವಲ್ಲೇ ತಪ್ಪಾದರೆ ಎಷ್ಟು ಒಳ್ಳೆಯ ಪ್ರಯೋಗಾಲಯವಿದ್ದರೂ ಉಪಯೋಗವಿಲ್ಲ.

ತುಪ್ಪದಲ್ಲಿ ಏನನ್ನು ನೋಡುತ್ತಾರೆ?

ತುಪ್ಪಕ್ಕೆ ವನಸ್ಪತಿ ಬೆರೆಸುವುದು ಬಹಳ ಹಳೆಯ ಮೋಸ. ಕಣ್ಣಿಗೆ ಎರಡೂ ಒಂದೇ. ಇದನ್ನು ಹಿಡಿಯಲು ಕಾನೂನು ಒಂದು ಉಪಾಯ ಮಾಡಿತು. ವನಸ್ಪತಿಯಲ್ಲಿ ಶೇ 5ರಷ್ಟು ಎಳ್ಳೆಣ್ಣೆ ಇರಲೇಬೇಕು ಎಂದು ವಿಧಿಸಿತು. ಎಳ್ಳೆಣ್ಣೆಗೆ ಹೈಡ್ರೋಕ್ಲೋರಿಕ್ ಆಮ್ಲ ಮತ್ತು ಫರ್‌ಫ್ಯೂರಾಲ್ ಸೇರಿಸಿದರೆ ಕೆಂಪು ಬಣ್ಣ ಬರುತ್ತದೆ. ಇದೇ ಬೌದುವಾನ್ ಪರೀಕ್ಷೆ. ತುಪ್ಪದಲ್ಲಿ ಕೆಂಪು ಕಂಡರೆ ವನಸ್ಪತಿ ಸೇರಿರುವ ಸಂಶಯ ಬರುತ್ತದೆ.

ಆದರೆ ಕೆಂಪು ಕಾಣಲಿಲ್ಲ ಎಂದರೆ ತುಪ್ಪ ಪೂರ್ತಿ ಶುದ್ಧ ಎಂದಲ್ಲ. ಎಳ್ಳೆಣ್ಣೆ ಇಲ್ಲದ ಬೇರೆ ಕೊಬ್ಬನ್ನು ಈ ಪರೀಕ್ಷೆ ಹಿಡಿಯದು. ಅದಕ್ಕಾಗಿಯೇ ಬೇರೆ ಪರೀಕ್ಷೆಗಳೂ ಇವೆ. ರೈಕರ್ಟ್ ಮೌಲ್ಯ ಎಂಬುದು ಹಾಲಿನ ಕೊಬ್ಬಿನಲ್ಲಿ ಹೆಚ್ಚಾಗಿರುವ, ಸುಲಭವಾಗಿ ಆವಿಯಾಗುವ ಆಮ್ಲಗಳ ಅಳತೆ. ಇಲ್ಲೂ ಒಂದು ತೊಡಕಿದೆ. ಹತ್ತಿಬೀಜ ತಿನ್ನುವ ದನಗಳ ತುಪ್ಪದಲ್ಲಿ ಈ ಮೌಲ್ಯ ಸಹಜವಾಗಿಯೇ ಕಡಿಮೆ. ದೇಶಕ್ಕೆಲ್ಲ ಒಂದೇ ಅಂಕಿ ಇಟ್ಟಿದ್ದರೆ ಸೌರಾಷ್ಟ್ರದಂಥ ಹತ್ತಿ ಸೀಮೆಯ ಅಪ್ಪಟ ತುಪ್ಪವೂ ಕಲಬೆರಕೆ ಎನಿಸಿಕೊಳ್ಳುತ್ತಿತ್ತು. ಆದ್ದರಿಂದ ಅಂಥ ಪ್ರದೇಶಗಳಿಗೆ ಬೇರೆ ಮಿತಿ ಇಡಲಾಯಿತು.

ದರ್ಜೆಯ ವ್ಯತ್ಯಾಸಕ್ಕೆ ಮುಖ್ಯ ಕಾರಣ ಬಿಡಿ ಕೊಬ್ಬಿನಾಮ್ಲ. ತುಪ್ಪದಲ್ಲಿ ನೀರಿನಂಶ ಉಳಿದರೆ ಅಥವಾ ತುಪ್ಪ ಹಳತಾದರೆ ಕೊಬ್ಬು ಒಡೆದು ಈ ಆಮ್ಲ ಹೆಚ್ಚುತ್ತದೆ, ಕಮಟು ವಾಸನೆ ಬರುತ್ತದೆ. ಸ್ಪೆಷಲ್ ದರ್ಜೆಗೆ ಶೇ 1.4, ಜನರಲ್ ದರ್ಜೆಗೆ ಶೇ 2.5 ಎಂಬುದು ಬಹುಕಾಲ ಬಳಕೆಯಲ್ಲಿದ್ದ ಮಿತಿ. ಎರಡರ ಮೇಲೂ ಅಗ್‌ಮಾರ್ಕ್ ಇರುತ್ತದೆ. ಗುಣ ಮಾತ್ರ ಒಂದೇ ಅಲ್ಲ.

ಕೆಲವು ತಪ್ಪು ತಿಳಿವಳಿಕೆಗಳು

"ಅಗ್‌ಮಾರ್ಕ್ ಇಲ್ಲದ್ದೆಲ್ಲ ಕಲಬೆರಕೆ." ಹಾಗಲ್ಲ. ಹೆಚ್ಚಿನ ಸರಕುಗಳಿಗೆ ಇದು ಸ್ವಯಂಪ್ರೇರಿತ. ಮಿಶ್ರ ಖಾದ್ಯ ತೈಲದಂಥ ಕೆಲವಕ್ಕೆ ಮಾತ್ರ 2011ರ ಆಹಾರ ನಿಯಮಗಳು ಕಡ್ಡಾಯ ಮಾಡಿದವು.

"ಅಗ್‌ಮಾರ್ಕ್, ಎಫ್‌ಎಸ್‌ಎಸ್‌ಎಐ ಎರಡೂ ಒಂದೇ." ಅಲ್ಲ. ಎಫ್‌ಎಸ್‌ಎಸ್‌ಎಐ ಎಂಬುದು 2006ರ ಆಹಾರ ಸುರಕ್ಷತಾ ಕಾಯ್ದೆಯಡಿ ಬಂದ ಪ್ರಾಧಿಕಾರ. ಪೊಟ್ಟಣದ ಮೇಲಿನ 14 ಅಂಕಿಗಳ ಸಂಖ್ಯೆ ಅದರದು. ಅದು ವ್ಯಾಪಾರ ಮಾಡಲು ಬೇಕಾದ ಪರವಾನಗಿ. ಅಗ್‌ಮಾರ್ಕ್ ಸರಕಿನ ದರ್ಜೆ.

"ಅಗ್‌ಮಾರ್ಕ್ ಎಂದರೆ ಸಾವಯವ." ಸಂಬಂಧವಿಲ್ಲ. ಸಾವಯವಕ್ಕೆ ಬೇರೆಯೇ ಪ್ರಮಾಣಪತ್ರ, ಬೇರೆಯೇ ಗುರುತು ಇದೆ.

"ಸುಳ್ಳು ಮುದ್ರೆ ಹಾಕಿದರೆ ಯಾರೂ ಕೇಳುವುದಿಲ್ಲ." ಕೇಳುತ್ತಾರೆ. ಹಿಂದೆ ನಕಲಿ ಮುದ್ರೆಗೆ ಮೂರು ವರ್ಷದವರೆಗೆ ಜೈಲು ಇತ್ತು, ಆದರೆ ದಂಡ ಬರೀ 5 ಸಾವಿರ ರೂಪಾಯಿ. 2023ರ ಜನ ವಿಶ್ವಾಸ ಕಾಯ್ದೆ ಜೈಲನ್ನು ತೆಗೆದು, ದಂಡವನ್ನು 8 ಲಕ್ಷ ರೂಪಾಯಿಗೆ ಏರಿಸಿತು.

ರೈತರಿಗೆ ಇದರಿಂದ ಏನು?

ಕರ್ನಾಟಕ 2014ರಲ್ಲೇ ಎಪಿಎಂಸಿಗಳನ್ನು ಆನ್‌ಲೈನ್ ಮಾರಾಟಕ್ಕೆ ಜೋಡಿಸಲು ಹೊರಟಿತು. 2016ರಲ್ಲಿ ಕೇಂದ್ರದ ಇ-ನಾಮ್ ಬಂತು. ದೂರದ ವ್ಯಾಪಾರಿ ಬ್ಯಾಡಗಿ ಮೆಣಸಿನಕಾಯಿಗೆ ಕಂಪ್ಯೂಟರಿನಲ್ಲೇ ಬೆಲೆ ಕೂಗಬೇಕಾದರೆ ಅದರ ಬಣ್ಣ, ತೇವಾಂಶ, ಕಸಕಡ್ಡಿಯ ವಿವರ ನಂಬುವಂತಿರಬೇಕು. ಪರೀಕ್ಷೆಯ ವರದಿ ಇಲ್ಲದಿದ್ದರೆ ಅವನು ಅಪಾಯಕ್ಕೆಂದು ಬೆಲೆ ಇಳಿಸಿಯೇ ಕೂಗುತ್ತಾನೆ. ಆ ನಷ್ಟ ಬೀಳುವುದು ಚೆನ್ನಾಗಿ ಒಣಗಿಸಿ, ಆರಿಸಿ ತಂದ ರೈತನ ಮೇಲೆ. ಆದ್ದರಿಂದ ಮಂಡಿಯಲ್ಲಿ ತೂಕದ ಯಂತ್ರ ಎಷ್ಟು ಮುಖ್ಯವೋ ತೇವಾಂಶದ ಮೀಟರೂ ಅಷ್ಟೇ ಮುಖ್ಯ.

ಕೊಳ್ಳುವಾಗ ನಾವೇನು ಮಾಡಬಹುದು?

ಮುದ್ರೆ ಇದೆಯೇ ಎಂದಷ್ಟೇ ನೋಡದೆ ದರ್ಜೆ ಯಾವುದು, ಸಿಎ ನಂಬರ್ ಇದೆಯೇ, ಪ್ಯಾಕ್ ಮಾಡಿದ ದಿನ ಯಾವುದು ಎಂದು ನೋಡೋಣ. ದರ್ಜೆ ಹೇಳುವುದು ಪರೀಕ್ಷೆಯಾದ ದಿನದ ಗುಣವನ್ನು. ಆಮೇಲೆ ಬಿಸಿಲಿಗೆ ಇಟ್ಟ ತುಪ್ಪ, ಬಾಯಿ ತೆರೆದಿಟ್ಟ ಮೆಣಸಿನ ಪುಡಿ ಅದೇ ದರ್ಜೆಯಲ್ಲಿ ಉಳಿಯುವುದಿಲ್ಲ. ಸಂಶಯ ಬಂದರೆ ಡಬ್ಬಿಯನ್ನೂ ಬಿಲ್ಲನ್ನೂ ಎಸೆಯಬೇಡಿ. ಸಿಎ ನಂಬರ್ ಮತ್ತು ಬ್ಯಾಚ್ ನಂಬರ್ ಸಮೇತ ಬರೆದುಕೊಟ್ಟ ದೂರಿನಿಂದ ಅಧಿಕಾರಿಗಳು ಆ ಲಾಟ್‌ನ ಜಾಡು ಹಿಡಿಯಬಹುದು. ಮುದ್ರೆಯಿಂದ ನಮಗಿರುವ ದೊಡ್ಡ ಪ್ರಯೋಜನ ಇದೇ.