ಉತ್ತರಕಥೆಯ ಏರಿಳಿತ

ಅಮೆರಿಕದ ಮಾರ್ವೆಲ್ ಸಂಸ್ಥೆಯವರು 2008ರಲ್ಲಿ 'ಐರನ್ ಮ್ಯಾನ್' ಚಿತ್ರದಿಂದ ಮೊದಲುಮಾಡಿದ ವೀರಕಥಾಮಾಲೆಯು 2019ರ 'ಅವೆಂಜರ್ಸ್: ಎಂಡ್‌ಗೇಮ್'ನಲ್ಲಿ ಶಿಖರವನ್ನು ಮುಟ್ಟಿತು, ಅದರ ವರಮಾನ ಲೋಕದಾದ್ಯಂತ ಸುಮಾರು 280 ಕೋಟಿ ಡಾಲರು. ಅದೇ ವರ್ಷದ 'ಕ್ಯಾಪ್ಟನ್ ಮಾರ್ವೆಲ್' 110 ಕೋಟಿಯನ್ನು ಮೀರಿದ್ದಿತು. ಅದರ ಉತ್ತರಕಥೆಯಾದ 'ದಿ ಮಾರ್ವೆಲ್ಸ್' 2023ರಲ್ಲಿ ಸುಮಾರು 20 ಕೋಟಿಗೇ ನಿಂತಿತು.

ನಡುವೆ ಆದುದೇನು? 2019ರ ನವೆಂಬರಿನಲ್ಲಿ ಡಿಸ್ನಿಯವರು ಚಿತ್ರಗಳನ್ನು ಮನೆಗೇ ಮುಟ್ಟಿಸುವ ಏರ್ಪಾಡನ್ನು ತೆರೆದರು. 2020ರ ಸಾಂಕ್ರಾಮಿಕವು ಚಿತ್ರಮಂದಿರಗಳ ಬಾಗಿಲನ್ನು ಮುಚ್ಚಿಸಿತು. ಕಾದರೆ ಮನೆಯಲ್ಲೇ ದೊರೆಯುವುದಕ್ಕೆ ಚೀಟಿಯನ್ನು ಕೊಳ್ಳುವುದೇಕೆಂಬ ಭಾವನೆ ಹಲವರಲ್ಲಿ ಬೇರೂರಿತು. ಮೇಲಾಗಿ, 'ದಿ ಮಾರ್ವೆಲ್ಸ್'ನ ಮೂವರು ನಾಯಿಕೆಯರಲ್ಲಿ ಇಬ್ಬರು ಶಕ್ತಿಯನ್ನು ಪಡೆದ ವೃತ್ತಾಂತವು ಮನೆಯ ಪರದೆಗೆಂದು ತೆಗೆದ ಸರಣಿಗಳಲ್ಲಿದ್ದಿತು.

ಆದರೂ 2024ರ 'ಡೆಡ್‌ಪೂಲ್ ಅಂಡ್ ವುಲ್ವರೀನ್' 130 ಕೋಟಿಯನ್ನು ದಾಟಿತು. ಮಾಲೆಯ ಹೆಸರೊಂದನ್ನೇ ನಂಬಿ ಬರುತ್ತಿದ್ದ ಪ್ರೇಕ್ಷಕನು ಆರಿಸಿ ಬರತೊಡಗಿದನೆಂದು ಇದರಿಂದ ತಿಳಿಯಬಹುದು.